ನೂರು ಸುತ್ತು, ಐವತ್ಮೂರು ಡೆಸಿಬೆಲ್

(ಅಂಕೋಲಾದಲ್ಲಿ ವಕೀಲರೊಬ್ಬರು ಮಾಡಿದ ಉಪನ್ಯಾಸದ ಧ್ವನಿಮುದ್ರಣದಿಂದ ಸಿದ್ಧಪಡಿಸಿದ ಬರಹ)

ನನ್ನನ್ನು ಕರೆಯಲು ಬಂದವರು ವಿಷಯವನ್ನು ಒಂದೇ ಪ್ರಶ್ನೆಯಾಗಿ ಮುಂದಿಟ್ಟರು. ನಾಳೆ ಅಲಗೇರಿಯಲ್ಲಿ ರನ್‌ವೇ ಸಿದ್ಧವಾಗಿ, ತರಬೇತಿಯ ಸಣ್ಣ ವಿಮಾನಗಳು ಬೆಳಗ್ಗೆಯಿಂದ ಸಂಜೆಯವರೆಗೆ ತಲೆಯ ಮೇಲೆ ಸುತ್ತತೊಡಗಿದರೆ ಗ್ರಾಮ ಪಂಚಾಯಿತಿಯಲ್ಲಿ ಠರಾವು ಮಾಡಿ ನಿಲ್ಲಿಸಬಹುದೇ? ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕಡೆಯವರೆಗೆ ಕಾಯಿಸಿ ಆಮೇಲೆ ಇಲ್ಲ ಎನ್ನುವುದು ನಮ್ಮ ವೃತ್ತಿಯವರ ಕೆಟ್ಟ ಚಾಳಿ. ನಿಲ್ಲಿಸಲಾಗುವುದಿಲ್ಲ. ಠರಾವು ಮಾಡಬಹುದು, ಜಿಲ್ಲಾಧಿಕಾರಿಗೆ ಕಳುಹಿಸಬಹುದು, ಪತ್ರಿಕೆಯಲ್ಲಿ ಸುದ್ದಿಯಾಗಬಹುದು. ವಿಮಾನ ಹಾರುತ್ತಲೇ ಇರುತ್ತದೆ. ಆದರೆ ಊರಿನವರ ಮಾತಿಗೆ ತೂಕ ಇರುವ ಒಂದು ಕಾಲವಿದೆ. ಅದು ಮೊದಲ ವಿಮಾನ ಹಾರುವುದಕ್ಕಿಂತ ಹಿಂದಿನ ಕಾಲ. ಇವತ್ತು ನಾನು ಹೇಳಲು ಬಂದಿರುವುದು ಇದನ್ನೇ.

ಇನ್ನೊಂದು ಮಾತನ್ನೂ ಈಗಲೇ ಸ್ಪಷ್ಟಪಡಿಸುತ್ತೇನೆ. ಇಲ್ಲಿಗೆ ವಿಮಾನ ಹಾರಾಟದ ಶಾಲೆ ಬರುತ್ತದೆ ಎಂದು ನಾನು ಹೇಳುತ್ತಿಲ್ಲ. ಅಲಗೇರಿ, ಭಾವಿಕೇರಿ, ಬೇಲೇಕೇರಿಯ ಸುತ್ತಲಿನ ಯೋಜನೆ ನೌಕಾ ವಾಯುನೆಲೆಯದು, ಜೊತೆಗೆ ನಾಗರಿಕ ಟರ್ಮಿನಲ್‌ನದು. ಬರಲಿ ಬಿಡಲಿ, ಕೇಳಬೇಕಾದ ಪ್ರಶ್ನೆಗಳನ್ನು ಸಮಯ ಇರುವಾಗ ಕಲಿತಿಟ್ಟುಕೊಳ್ಳುವುದರಲ್ಲಿ ನಷ್ಟವೇನಿಲ್ಲ.

ಪಂಚಾಯಿತಿಗೆ ಯಾಕೆ ಅಧಿಕಾರವಿಲ್ಲ? ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ 29ನೇ ನಮೂದನ್ನು ತೆಗೆದು ನೋಡಿ. ವಾಯುಮಾರ್ಗ, ವಿಮಾನ, ವಿಮಾನ ನಿಲ್ದಾಣಗಳ ಏರ್ಪಾಡು ಮತ್ತು ಅವುಗಳ ನಿಯಂತ್ರಣ ಎಲ್ಲವೂ ಅಲ್ಲಿವೆ. ವಿಮಾನಯಾನದ ಶಿಕ್ಷಣ ಮತ್ತು ತರಬೇತಿಯೂ ಅದೇ ನಮೂದಿನಲ್ಲಿದೆ. ಅಂದರೆ ಕಲಿಯುವ ಹುಡುಗ ಹಾರಿಸುವ ಎರಡು ಸೀಟಿನ ವಿಮಾನದ ಮೇಲೂ ಅಧಿಕಾರ ದೆಹಲಿಯದೇ. ಬೆಂಗಳೂರಿನದಲ್ಲ, ಕಾರವಾರದ್ದಂತೂ ಅಲ್ಲ. ಸರಿ, ಪಂಚಾಯಿತಿ ಬೇಡ, ಸಿವಿಲ್ ಕೋರ್ಟಿಗೆ ಹೋಗೋಣ ಎನ್ನುತ್ತೀರಿ. 1934ರ ವಿಮಾನ ಕಾಯ್ದೆಯ 17ನೇ ಕಲಮು ಆ ಬಾಗಿಲನ್ನೂ ಮುಕ್ಕಾಲು ಮುಚ್ಚಿತ್ತು. ಗಾಳಿ, ಹವಾಮಾನ, ಸಂದರ್ಭಗಳನ್ನು ನೋಡಿದಾಗ ಸಮಂಜಸ ಎನ್ನಬಹುದಾದ ಎತ್ತರದಲ್ಲಿ ವಿಮಾನ ಹಾರಿತು ಎಂಬ ಒಂದೇ ಕಾರಣಕ್ಕೆ ಅತಿಕ್ರಮಣದ ದಾವೆಯಾಗಲಿ ಉಪದ್ರವದ ದಾವೆಯಾಗಲಿ ಹೂಡುವಂತಿಲ್ಲ ಎಂಬುದು ಅದರ ತಾತ್ಪರ್ಯ. ಆ ಕಾಯ್ದೆ ತೊಂಬತ್ತು ವರ್ಷ ನಡೆಯಿತು. 2025ರ ಜನವರಿ 1ರಿಂದ ಅದರ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ಚೌಕಟ್ಟು ಹೆಚ್ಚುಕಡಿಮೆ ಹಳೆಯದೇ.

ಒಂದು ತಮಾಷೆ ನೋಡಿ. ವಿಮಾನ ನಿಲ್ದಾಣದ ಸುತ್ತ ಮನೆ ಕಟ್ಟುವವರಿಗೆ ಎತ್ತರದ ಮಿತಿ ಇದೆ. ಯಾವ ವಲಯದಲ್ಲಿ ಎಷ್ಟು ಎತ್ತರ ಏರಬಹುದು ಎಂಬುದಕ್ಕೆ ಬಣ್ಣ ಬಳಿದ ನಕ್ಷೆ ಇದೆ, ಮಿತಿ ದಾಟುವುದಾದರೆ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ನಿರಾಕ್ಷೇಪಣಾ ಪತ್ರ ಬೇಕು. ನಿಮ್ಮ ಮನೆಯಿಂದ ವಿಮಾನಕ್ಕೆ ತೊಂದರೆಯಾಗದಂತೆ ಕಾನೂನು ಇಂಚಿಂಚು ಅಳೆದು ನೋಡಿಕೊಳ್ಳುತ್ತದೆ. ವಿಮಾನದಿಂದ ಮನೆಗೆ ಆಗುವ ತೊಂದರೆಯ ವಿಷಯದಲ್ಲಿ ಅಷ್ಟು ಮುತುವರ್ಜಿ ಕಾಣುವುದಿಲ್ಲ.

ಹಾಗಾದರೆ ನಮ್ಮಲ್ಲಿ ಶಬ್ದದ ಕಾನೂನು ಇಲ್ಲವೇ? ಇದೆ. ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು, 2000. ಯಕ್ಷಗಾನ ನೋಡುವವರಿಗೆಲ್ಲ ಇದರ ಪರಿಚಯ ಚೆನ್ನಾಗಿಯೇ ಇದೆ. ರಾತ್ರಿ ಹತ್ತರ ನಂತರ ಧ್ವನಿವರ್ಧಕ ಹಚ್ಚುವಂತಿಲ್ಲ; ಹಬ್ಬ ಹರಿದಿನಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ ಹದಿನೈದು ದಿನ ಮೀರದಂತೆ ಹನ್ನೆರಡರವರೆಗೆ ಸಡಿಲಿಕೆ ಕೊಡಬಹುದು. ಬೆಳಗಿನವರೆಗೆ ನಡೆಯುತ್ತಿದ್ದ ಆಟ ಕಾಲಮಿತಿಯ ಆಟವಾದದ್ದರ ಹಿಂದೆ ಬೇರೆ ಕಾರಣಗಳೂ ಇವೆ, ಈ ನಿಯಮವೂ ಇದೆ. ಮಯ್ಯ ಭಾಗವತರೋ ಹೆಗಡೆ ಭಾಗವತರೋ ಪದ್ಯ ಎತ್ತುವ ಹೊತ್ತಿಗೆ ಪೊಲೀಸರು ಬಂದು ನಿಂತದ್ದನ್ನು ಕಂಡವರು ಈ ಸಭೆಯಲ್ಲೂ ಇರಬಹುದು. ಈ ನಿಯಮಕ್ಕೆ ಬೆನ್ನೆಲುಬು ಕೊಟ್ಟದ್ದು 2005ರ ಜುಲೈ 18ರ ಸುಪ್ರೀಂ ಕೋರ್ಟ್ ತೀರ್ಪು. ಮುಖ್ಯ ನ್ಯಾಯಮೂರ್ತಿ ಆರ್.ಸಿ. ಲಾಹೋಟಿ ಅವರ ಪೀಠ, ಶಬ್ದವಿಲ್ಲದೆ ನೆಮ್ಮದಿಯಾಗಿ ಇರುವುದು ಜೀವಿಸುವ ಹಕ್ಕಿನ ಭಾಗ ಎಂದಿತು. ಬೇಡವೆಂದವರ ಕಿವಿಗೆ ಧ್ವನಿವರ್ಧಕದಿಂದ ತುರುಕುವುದು ವಾಕ್ ಸ್ವಾತಂತ್ರ್ಯವಲ್ಲ ಎಂದಿತು. ಬಹಳ ಒಳ್ಳೆಯ ತೀರ್ಪು. ಆದರೆ ಅದರ ಕೈ ಚಾಚುವುದು ಧ್ವನಿವರ್ಧಕ, ಪಟಾಕಿ, ವಾಹನಗಳ ಹಾರ್ನ್‌ವರೆಗೆ. ಆಕಾಶದವರೆಗೆ ಅಲ್ಲ.

ಈ ಜಗಳ ನಮ್ಮದೊಬ್ಬರದೇ ಅಲ್ಲ, ಬೇರೆ ಕಡೆ ಬಹಳ ಹಿಂದೆಯೇ ನಡೆದುಹೋಗಿದೆ. ಅಮೆರಿಕದ ಎರಡು ಪ್ರಕರಣಗಳನ್ನು ಹೇಳುತ್ತೇನೆ. ಮೊದಲನೆಯದರಲ್ಲಿ ಕೋಳಿಗಳಿವೆ, ಆದ್ದರಿಂದ ನಿಮಗೆ ನೆನಪಿರುತ್ತದೆ. ಉತ್ತರ ಕ್ಯಾರೊಲಿನಾದ ಗ್ರೀನ್ಸ್‌ಬೊರೊ ಹತ್ತಿರ ಕಾಸ್ಬಿ ಎಂಬ ಮನೆತನದವರು ಕೋಳಿ ಸಾಕಿಕೊಂಡಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಪಕ್ಕದ ವಿಮಾನ ನಿಲ್ದಾಣವನ್ನು ಸೈನ್ಯ ಬಳಸತೊಡಗಿತು. ಬಾಂಬರ್‌ಗಳು ಇಳಿಯುವ ದಾರಿ ಅವರ ಜಮೀನಿನಿಂದ 83 ಅಡಿ ಎತ್ತರದಲ್ಲಿ. ಕೋಳಿಗಳು ಬೆದರಿ ಗೋಡೆಗೆ ಹೋಗಿ ಬಡಿದುಕೊಂಡು ಸತ್ತವು, ಒಟ್ಟು 150ರಷ್ಟು. ಕೋಳಿ ಸಾಕಣೆಯನ್ನೇ ಬಿಡಬೇಕಾಯಿತು. 1946ರಲ್ಲಿ ಸುಪ್ರೀಂ ಕೋರ್ಟ್ ಎರಡು ಮಾತು ಹೇಳಿತು. ಭೂಮಿ ಯಾರದೋ ಅದರ ಮೇಲಿನ ಆಕಾಶವೂ ಕೊನೆಯಿಲ್ಲದೆ ಅವರದು ಎಂಬ ಹಳೆಯ ಸೂತ್ರ ಈಗಿನ ಕಾಲಕ್ಕೆ ನಡೆಯುವುದಿಲ್ಲ, ಇದು ಒಂದು. ಆದರೆ ಭೂಮಿಯನ್ನು ಅನುಭವಿಸಲಾಗದಷ್ಟು ತಗ್ಗಿನಲ್ಲಿ, ಪದೇ ಪದೇ ಹಾರಿದರೆ ಅದು ಸರ್ಕಾರ ಭೂಮಿಯನ್ನು ವಶಪಡಿಸಿಕೊಂಡ ಹಾಗೆಯೇ, ಪರಿಹಾರ ಕೊಡಬೇಕು, ಇದು ಎರಡು.

ಇನ್ನೊಂದು ಪ್ರಕರಣ ನಿಮ್ಮ ಠರಾವಿನ ಪ್ರಶ್ನೆಗೆ ನೇರ ಉತ್ತರ. ಕ್ಯಾಲಿಫೋರ್ನಿಯಾದ ಬರ್‌ಬ್ಯಾಂಕ್ ಎಂಬ ಊರಿನ ನಗರಸಭೆ ರಾತ್ರಿ ಹನ್ನೊಂದರಿಂದ ಬೆಳಗ್ಗೆ ಏಳರವರೆಗೆ ಜೆಟ್ ವಿಮಾನ ಮೇಲೇರಬಾರದು ಎಂದು ಸ್ಥಳೀಯ ಕಾನೂನು ಮಾಡಿತು. ಅದರಿಂದ ತೊಂದರೆಗೆ ಸಿಕ್ಕಿದ ನಿಗದಿತ ವಿಮಾನ ಒಂದೇ ಒಂದು: ಭಾನುವಾರ ರಾತ್ರಿ ಹನ್ನೊಂದೂವರೆಗೆ ಸ್ಯಾನ್ ಡಿಯಾಗೊ ಕಡೆಗೆ ಹೊರಡುತ್ತಿದ್ದದ್ದು. ಆ ಒಂದು ವಿಮಾನಕ್ಕಾಗಿ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು, ಮತ್ತು 1973ರಲ್ಲಿ ನಾಲ್ವರ ವಿರುದ್ಧ ಐವರು ನ್ಯಾಯಮೂರ್ತಿಗಳ ಬಹುಮತದಲ್ಲಿ ನಗರಸಭೆ ಸೋತಿತು. ಆಕಾಶದ ಆಡಳಿತ ಕೇಂದ್ರದ್ದು, ಊರೂರಿಗೂ ಒಂದೊಂದು ಗಡಿಯಾರ ಇಟ್ಟುಕೊಂಡರೆ ವಿಮಾನ ಸಂಚಾರ ನಡೆಯುವುದಿಲ್ಲ ಎಂಬುದು ತರ್ಕ. ಆದರೆ ಅದೇ ತೀರ್ಪು ಒಂದು ಕಿಟಕಿಯನ್ನು ಪೂರ್ತಿ ಮುಚ್ಚದೆ ಬಿಟ್ಟಿತು. ಊರಿನ ಹಿತಕ್ಕೆಂದು ನಿಯಮ ಮಾಡುವ ನಗರಸಭೆಯ ಅಧಿಕಾರ ಬೇರೆ, ವಿಮಾನ ನಿಲ್ದಾಣದ ಮಾಲೀಕನ ಅಧಿಕಾರ ಬೇರೆ. ಮಾಲೀಕ ತನ್ನ ಜಾಗವನ್ನು ಬಳಸುವವರಿಗೆ ಷರತ್ತು ಹಾಕಬಹುದೇ ಎಂಬ ಪ್ರಶ್ನೆಯನ್ನು ಅದು ತೀರ್ಮಾನಿಸದೆ ಇಟ್ಟಿತು. 1990ರಲ್ಲಿ ಅಲ್ಲಿನ ಸಂಸತ್ತು ಆ ಕಿಟಕಿಯನ್ನೂ ಕಿರಿದು ಮಾಡಿತು, ಆ ಕಥೆ ನಮಗೆ ಬೇಡ. ಷರತ್ತು ಹಾಕುವ ಶಕ್ತಿ ಜಾಗದ ಮಾಲೀಕನ ಕೈಯಲ್ಲಿರುತ್ತದೆ ಎನ್ನುವುದಷ್ಟೇ ನಮಗೆ ಬೇಕು. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ತರಬೇತಿ ವಿಮಾನದ ಶಬ್ದವನ್ನೇ ಯಾಕೆ ಬೇರೆಯಾಗಿ ನೋಡಬೇಕು ಎಂದು ಕೇಳಬಹುದು. ಪ್ರಯಾಣಿಕರ ವಿಮಾನ ದೊಡ್ಡದು, ಹೆಚ್ಚು ಗದ್ದಲ ಮಾಡುವಂಥದ್ದು, ಆದರೆ ಅದು ಹೋಗುತ್ತದೆ. ಕೊಂಕಣ ರೈಲಿನ ಹಾಗೆ ಅದಕ್ಕೊಂದು ವೇಳಾಪಟ್ಟಿ ಇದೆ; ಹಳಿಯ ಬದಿಯ ಮನೆಯವರು ಮಂಗಳೂರು ಗಾಡಿ ಹೋಯಿತು ಎಂದು ಹೇಳಿ ಮಾತು ಮುಂದುವರಿಸುತ್ತಾರೆ. ತರಬೇತಿ ವಿಮಾನ ಎಲ್ಲಿಗೂ ಹೋಗುವುದಿಲ್ಲ. ಅದರ ಕೆಲಸವೇ ಸುತ್ತುವುದು. ರನ್‌ವೇಯಿಂದ ಏರುತ್ತದೆ, ಒಂದು ಬದಿಗೆ ತಿರುಗುತ್ತದೆ, ರನ್‌ವೇಗೆ ಸಮಾನಾಂತರವಾಗಿ ಹಿಂದಕ್ಕೆ ಬರುತ್ತದೆ, ಮತ್ತೆರಡು ಸಲ ತಿರುಗಿ ಇಳಿಯುತ್ತದೆ. ಚಕ್ರ ನೆಲಕ್ಕೆ ತಾಗಿದ ಕೂಡಲೇ, ನಿಲ್ಲದೆ, ಪೂರ್ತಿ ಶಕ್ತಿ ಕೊಟ್ಟು ಮತ್ತೆ ಏರುತ್ತದೆ. ಇದಕ್ಕೆ ಅವರು ಸರ್ಕ್ಯೂಟ್ ಎನ್ನುತ್ತಾರೆ, ತಾಗಿ ಏರುವುದಕ್ಕೆ ಟಚ್ ಆ್ಯಂಡ್ ಗೋ ಎನ್ನುತ್ತಾರೆ. ಒಂದು ಸುತ್ತಿಗೆ ಐದಾರು ನಿಮಿಷ. ಮೂರು ವಿಮಾನ ಒಟ್ಟಿಗೆ ಸುತ್ತಿದರೆ ಸುತ್ತಿನ ಕೆಳಗಿನ ಮನೆಗೆ ಸುಮಾರು ಎರಡು ನಿಮಿಷಕ್ಕೊಮ್ಮೆ ಒಂದು.

ಸುತ್ತಿನ ಎತ್ತರ ಸಾಮಾನ್ಯವಾಗಿ ಸಾವಿರ ಅಡಿ, ಅಂದರೆ ಸುಮಾರು 300 ಮೀಟರ್. ಆದರೆ ಇದನ್ನು ಅಳೆಯುವುದು ವಿಮಾನ ನಿಲ್ದಾಣದ ನೆಲಮಟ್ಟದಿಂದ. ವಿದರ್ಭದ ಬಯಲಿನಲ್ಲಿ ಇದರಿಂದ ವ್ಯತ್ಯಾಸವಿಲ್ಲ. ನಮ್ಮಲ್ಲಿ ಘಟ್ಟದ ಬೆರಳುಗಳು ಸಮುದ್ರದವರೆಗೆ ಚಾಚಿವೆ. ರನ್‌ವೇಗಿಂತ ನೂರು ಮೀಟರ್ ಎತ್ತರದ ಗುಡ್ಡದ ಮೇಲಿನ ಮನೆಗೆ ಅದೇ ವಿಮಾನ 200 ಮೀಟರ್ ಮೇಲಿರುತ್ತದೆ.

ಇನ್ನು ಶಬ್ದ ಹುಟ್ಟುವ ಬಗೆ. ಈ ವಿಮಾನಗಳಲ್ಲಿ ಎಂಜಿನ್ನಿಗಿಂತ ಹೆಚ್ಚಾಗಿ ಕೂಗುವುದು ಪ್ರೊಪೆಲರ್. ತರಬೇತಿಗೆ ಬಹಳ ಕಡೆ ಬಳಸುವ ಸೆಸ್ನಾ 172ರ ಪ್ರೊಪೆಲರ್ 76 ಇಂಚಿನದು ಎಂದುಕೊಳ್ಳಿ. ನಿಮಿಷಕ್ಕೆ 2,700 ಸುತ್ತು ತಿರುಗಿದಾಗ ಅದರ ತುದಿ ಗಂಟೆಗೆ 980 ಕಿಲೋಮೀಟರ್ ವೇಗದಲ್ಲಿ ಗಾಳಿಯನ್ನು ಸೀಳುತ್ತಿರುತ್ತದೆ. ವಿಮಾನ ಹೋಗುವುದು ಇನ್ನೂರರ ಆಸುಪಾಸಿನಲ್ಲಿ. ಪ್ರೊಪೆಲರ್‌ನ ತುದಿ ಓಡುವುದು ಶಬ್ದದ ವೇಗದ ಐದರಲ್ಲಿ ನಾಲ್ಕು ಪಾಲಿನಷ್ಟು. ಆ ಗುಂಯ್ ಎಂಬ ಎಳೆತ ಬರುವುದು ಅಲ್ಲಿಂದ. ಕಾರವಾರದ ಕಡಲತೀರಕ್ಕೆ ಹೋದಾಗ ಚಪಲ್ ಯುದ್ಧನೌಕೆಯ ಬಳಿ ನಿಲ್ಲಿಸಿರುವ ಟುಪೊಲೆವ್ ವಿಮಾನವನ್ನು ನೋಡಿದ್ದೀರಲ್ಲ? ಅದರ ಒಂದೊಂದು ಎಂಜಿನ್ನಿಗೂ ಎದುರುಬದುರು ತಿರುಗುವ ಎರಡೆರಡು ಪ್ರೊಪೆಲರ್. ಜಗತ್ತಿನ ಅತಿ ಗದ್ದಲದ ವಿಮಾನಗಳ ಸಾಲಿನಲ್ಲಿ ಆ ವಂಶದ ಹೆಸರಿದೆ. ಮಕ್ಕಳನ್ನು ಕರೆದುಕೊಂಡು ಹೋದಾಗ ಪ್ರೊಪೆಲರ್ ತೋರಿಸಿ ಹೇಳಿ, ಈಗ ಅದು ಸುಮ್ಮನೆ ನಿಂತಿರುವುದು ನಮ್ಮ ಪುಣ್ಯ ಎಂದು.

ಕಾಲದ ಲೆಕ್ಕವೂ ಇದೆ. ಕಲಿಯುವವರು ಕಣ್ಣಿಗೆ ಕಾಣುವುದನ್ನು ನೆಚ್ಚಿ ಹಾರಬೇಕು, ಅದಕ್ಕೆ ಐದು ಕಿಲೋಮೀಟರ್ ದೃಶ್ಯತೆ ಬೇಕು. ನಮ್ಮ ಜೂನ್, ಜುಲೈ, ಆಗಸ್ಟ್‌ನಲ್ಲಿ ಎಷ್ಟೋ ಹೊತ್ತು ಅದು ಸಿಗುವುದಿಲ್ಲ. ಮಳೆಗಾಲದಲ್ಲಿ ತಪ್ಪಿದ ಗಂಟೆಗಳೆಲ್ಲ ನವೆಂಬರ್‌ನಿಂದ ಮೇ ತಿಂಗಳಿನ ಮೇಲೆ ಬೀಳುತ್ತವೆ. ನಮ್ಮ ಮಕ್ಕಳ ಪರೀಕ್ಷೆಯ ಕಾಲವೂ ಅದೇ. ದಿನದಲ್ಲಿ ಹೊಸಬರಿಗೆ ಹೇಳಿಮಾಡಿಸಿದ ಹೊತ್ತು ಬೆಳಗಿನ ಜಾವ ಕಳೆದ ಮೇಲಿನ ಒಂದೆರಡು ಗಂಟೆ: ಸಮುದ್ರದ ಗಾಳಿ ಇನ್ನೂ ಎದ್ದಿರುವುದಿಲ್ಲ, ವಿಮಾನ ಅಲುಗಾಡುವುದಿಲ್ಲ. ಚಳಿಗಾಲದ ಅದೇ ಹೊತ್ತಿನಲ್ಲಿ ನೆಲದ ಹತ್ತಿರದ ಗಾಳಿ ತಂಪಾಗಿ, ಮೇಲಿನದು ಬೆಚ್ಚಗಿದ್ದು, ಶಬ್ದ ಮೇಲಕ್ಕೆ ಹೋಗದೆ ನೆಲದ ಕಡೆಗೆ ಬಾಗುತ್ತದೆ. ರನ್‌ವೇ ಮೇಲೆ ಎಂಜಿನ್ ಬಿಸಿ ಮಾಡುವ ಸದ್ದು ಮಧ್ಯಾಹ್ನ ಕೇಳದಷ್ಟು ದೂರದ ಊರಿಗೂ ಬೆಳಗ್ಗೆ ಕೇಳುತ್ತದೆ.

ಇಷ್ಟೆಲ್ಲ ಆದ ಮೇಲೆ ಒಬ್ಬರು ದೂರು ಕೊಡುತ್ತಾರೆ ಎಂದಿಟ್ಟುಕೊಳ್ಳೋಣ. ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು, ಬೇಸರ ಮಾಡಿಕೊಳ್ಳಬೇಡಿ. ಈ ಇಡೀ ವಿಷಯದ ಗಂಟು ಇರುವುದು ಈ ಲೆಕ್ಕದಲ್ಲೇ.

2000ದ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿಯದು 45. ಹಗಲು ಎಂದರೆ ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗೆ, ಹದಿನಾರು ಗಂಟೆ. ಈ 55 ಯಾವುದೋ ಒಂದು ಕ್ಷಣದ ಶಬ್ದವಲ್ಲ, ಅಷ್ಟೂ ಹೊತ್ತಿನ ಸರಾಸರಿ. ಸರಾಸರಿಯನ್ನು ತೆಗೆಯುವುದು ಶಬ್ದದ ಶಕ್ತಿಯ ಮೇಲೆ. ಹತ್ತು ಡೆಸಿಬೆಲ್ ಹೆಚ್ಚಾದರೆ ಶಕ್ತಿ ಹತ್ತು ಪಟ್ಟು; ಕಿವಿಗೆ ಮಾತ್ರ ಸುಮಾರು ಎರಡು ಪಟ್ಟು ಜೋರು ಎನಿಸುತ್ತದೆ.

ಈಗ ನಿಮ್ಮ ಮನೆಯ ಮೇಲೆ ತರಬೇತಿ ವಿಮಾನ ಹಾದುಹೋಗುವಾಗ ಇಪ್ಪತ್ತು ಸೆಕೆಂಡ್ ಹೊತ್ತು 68 ಡೆಸಿಬೆಲ್ ಎಂದು ಹಿಡಿಯಿರಿ. ಜಗಲಿಯಲ್ಲಿ ಕೂತು ಮಾತನಾಡುತ್ತಿದ್ದರೆ ದನಿ ಎತ್ತರಿಸಬೇಕು, ಇಲ್ಲವೇ ಸುಮ್ಮನಾಗಬೇಕು, ಅಷ್ಟು. ದಿನಕ್ಕೆ ನೂರು ಸಲ ಹಾದುಹೋಯಿತು. ಒಟ್ಟು 2,000 ಸೆಕೆಂಡ್. ಹದಿನಾರು ಗಂಟೆಯಲ್ಲಿ 57,600 ಸೆಕೆಂಡ್ ಇವೆ. ಅಂದರೆ ಶಬ್ದ ಇದ್ದದ್ದು ಇಪ್ಪತ್ತೊಂಬತ್ತರಲ್ಲಿ ಒಂದು ಪಾಲು ಹೊತ್ತು. ಆ ಶಕ್ತಿಯನ್ನು ಇಪ್ಪತ್ತೊಂಬತ್ತು ಪಾಲಿಗೂ ಹಂಚಿ ಹರಡಿದರೆ ಸುಮಾರು 14.6 ಡೆಸಿಬೆಲ್ ಇಳಿಯುತ್ತದೆ. ಉಳಿದದ್ದು 53.4. ಮಿತಿ 55. ನೂರು ಸಲ ಮಾತು ನಿಲ್ಲಿಸಿದ ಮನೆ ಕಾನೂನಿನ ಕಣ್ಣಿನಲ್ಲಿ ಪ್ರಶಾಂತ ಮನೆ.

ಅಷ್ಟೇ ಅಲ್ಲ. ಅದೇ ನಿಯಮದ 7ನೇ ಕಲಮಿನಂತೆ ದೂರು ಕೊಡಲು ಮಿತಿಯನ್ನು ದಾಟಿದರೆ ಸಾಲದು, ಹತ್ತು ಡೆಸಿಬೆಲ್ ಹೆಚ್ಚು ದಾಟಬೇಕು. ಹಗಲಿನಲ್ಲಿ ಅದು 65. ನಮ್ಮ 68 ಡೆಸಿಬೆಲ್‌ನ ವಿಮಾನ ಹದಿನಾರು ಗಂಟೆಯ ಸರಾಸರಿಯಲ್ಲಿ 65 ತಲುಪಬೇಕಾದರೆ ಅರ್ಧ ಹೊತ್ತು ತಲೆಯ ಮೇಲೇ ಇರಬೇಕು. ದಿನಕ್ಕೆ 1,440 ಸಲ, ನಲವತ್ತು ಸೆಕೆಂಡಿಗೊಂದು. ಅಷ್ಟು ವಿಮಾನಗಳನ್ನು ಇಳಿಸಿ ಏರಿಸುವ ರನ್‌ವೇ ಒಂದನ್ನು ನೀವು ಎಲ್ಲಿಯಾದರೂ ಕಂಡರೆ ನನಗೂ ತಿಳಿಸಿ.

ಈ ಸರಾಸರಿ ನಮ್ಮ ಕರಾವಳಿಯ ಮಳೆಯನ್ನು 365 ದಿನಕ್ಕೆ ಭಾಗಿಸಿದ ಹಾಗೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿದ ಮಳೆ ದಿನಕ್ಕೆ ಎಂಟೋ ಹತ್ತೋ ಮಿಲಿಮೀಟರ್ ಎಂದಾಗುತ್ತದೆ, ಗುಡ್ಡ ಕುಸಿಯಲು ಕಾರಣವೇ ಇರುವುದಿಲ್ಲ. ಲೆಕ್ಕ ಸುಳ್ಳಲ್ಲ. ಜುಲೈ ತಿಂಗಳು ಮಾತ್ರ ಅದರಲ್ಲಿ ಕಾಣುವುದಿಲ್ಲ.

ವಿಮಾನ ನಿಲ್ದಾಣಗಳಿಗಾಗಿಯೇ ಬೇರೆ ಮಿತಿ ಇಲ್ಲವೇ ಎಂದು ಕೇಳಬಹುದು. 2018ರಲ್ಲಿ ಕೇಂದ್ರ ಪರಿಸರ ಸಚಿವಾಲಯ ನಿಲ್ದಾಣದ ಶಬ್ದ ವಲಯಕ್ಕೆ ಪ್ರತ್ಯೇಕ ಅಂಕಿ ನಿಗದಿಪಡಿಸಿತು. ವರ್ಷಕ್ಕೆ 50,000ಕ್ಕಿಂತ ಹೆಚ್ಚು ಸಲ ವಿಮಾನ ಏರಿಳಿಯುವ ನಿಲ್ದಾಣಗಳಲ್ಲಿ ಹಗಲು 70, ರಾತ್ರಿ 65. ಉಳಿದವುಗಳಲ್ಲಿ 65 ಮತ್ತು 60. ವಸತಿ ಪ್ರದೇಶದ ಮಿತಿಗಿಂತ ಇದು ಸಡಿಲ, ಬಿಗಿಯಲ್ಲ. ಯುರೋಪಿನ ಒಕ್ಕೂಟವೂ 2002ರ ತನ್ನ ನಿರ್ದೇಶನದಲ್ಲಿ ದೊಡ್ಡ ನಿಲ್ದಾಣ ಯಾವುದು ಎನ್ನಲು ಇದೇ 50,000ದ ಗೆರೆ ಎಳೆದಿದೆ. ಅಲ್ಲಿ ಒಂದು ವಾಕ್ಯ ಇದೆ, ಓದಿದರೆ ನಗು ಬರುತ್ತದೆ: ಹಗುರ ವಿಮಾನಗಳ ಕೇವಲ ತರಬೇತಿಯ ಹಾರಾಟಗಳನ್ನು ಈ ಎಣಿಕೆಯಿಂದ ಬಿಡಬೇಕು. ಕೆಳಗೆ ಕೂತು ಕೇಳುವವರು ಎಣಿಸುತ್ತಾರೆ, ಕಡತ ಎಣಿಸುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಬೇರೆ ರೀತಿ ನೋಡಿದೆ. ಯುರೋಪಿಗಾಗಿ 2018ರಲ್ಲಿ ಅದು ಕೊಟ್ಟ ಮಾರ್ಗಸೂಚಿಯಲ್ಲಿ ಸಂಜೆ ಮತ್ತು ರಾತ್ರಿಯ ಶಬ್ದಕ್ಕೆ ಹೆಚ್ಚು ತೂಕ ಕೊಟ್ಟು ಎಣಿಸುವ ದಿನದ ಸರಾಸರಿ ರಸ್ತೆಗೆ 53, ರೈಲಿಗೆ 54, ವಿಮಾನಕ್ಕೆ 45 ಮೀರದಿರಲಿ ಎಂದಿದೆ. ಡೆಸಿಬೆಲ್ ಒಂದೇ ಆದರೂ ವಿಮಾನದ್ದು ಮನುಷ್ಯನನ್ನು ಹೆಚ್ಚು ಕಾಡುತ್ತದೆ ಎಂಬುದು ಸಮೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡದ್ದರಿಂದಲೇ ಈ ಅಂತರ. ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ. ರಸ್ತೆಯ ಕಡೆಯ ಕಿಟಕಿ ಮುಚ್ಚಬಹುದು. ಹಂಚಿನ ಮಾಡಿಗೆ ಏನು ಮುಚ್ಚುತ್ತೀರಿ?

ಇಲ್ಲಿ ಇನ್ನೊಂದು ಕಡೆಯ ಮಾತನ್ನೂ ಹೇಳದೆ ಹೋದರೆ ಅನ್ಯಾಯವಾಗುತ್ತದೆ. ವಾಣಿಜ್ಯ ಪೈಲಟ್ ಪರವಾನಗಿಗೆ 200 ಗಂಟೆಗಳ ಹಾರಾಟ ಬೇಕು. ಇಳಿಯುವುದನ್ನು ಇಳಿದೇ ಕಲಿಯಬೇಕು, ಬೇರೆ ದಾರಿಯಿಲ್ಲ. ಹೊಸಬನ ಎಂಜಿನ್ ಕೈಕೊಟ್ಟರೆ ರನ್‌ವೇ ಹತ್ತಿರವೇ ಇರಬೇಕು ಎಂದೇ ಸುತ್ತನ್ನು ಅಷ್ಟು ಬಿಗಿಯಾಗಿ ಹಾಕುತ್ತಾರೆ. ಕುಮಟಾದ್ದೋ ಸಿರ್ಸಿಯದ್ದೋ ಹುಡುಗಿ ಪೈಲಟ್ ಆಗುತ್ತೇನೆಂದರೆ ಸುತ್ತಬೇಡ ಎಂದು ನಾನು ಹೇಳಲಾರೆ. ಎಲ್ಲಿ, ಯಾವಾಗ, ಎಷ್ಟು ಎಂದು ಕೇಳುತ್ತೇನೆ.

ವ್ಯಾಜ್ಯದಲ್ಲಿ ಯಾವಾಗಲೂ ಏಳುವ ಪ್ರಶ್ನೆ, ಮೊದಲು ಬಂದವರು ಯಾರು ಎನ್ನುವುದು. ಬೆಂಗಳೂರಿನ ಜಕ್ಕೂರು ಏರೋಡ್ರೋಮ್ ಊರ ಹೊರಗೆ ಹುಟ್ಟಿದ್ದು. ಅಲ್ಲಿನ ಸರ್ಕಾರಿ ಹಾರಾಟ ತರಬೇತಿ ಶಾಲೆಗೆ ಎಪ್ಪತ್ತು ವರ್ಷ ಮೀರಿದೆ. ಬಡಾವಣೆಗಳು ಆಮೇಲೆ ಬಂದು ಸುತ್ತುವರಿದವು. ಅಲ್ಲಿ ಫ್ಲ್ಯಾಟ್ ಕೊಂಡವರು ಶಬ್ದದ ದೂರು ಹೇಳಿದರೆ, ತಿಳಿದೇ ಬಂದಿರಲ್ಲ ಎಂಬ ಉತ್ತರ ಸಿದ್ಧವಾಗಿರುತ್ತದೆ. ಭಾವಿಕೇರಿಯವರಿಗೆ ಆ ಉತ್ತರ ಕೊಡಲು ಯಾರಿಗೂ ಸಾಧ್ಯವಿಲ್ಲ. ಊರು ಮೊದಲು, ರನ್‌ವೇ ಆಮೇಲೆ. ಆದರೆ ಎಚ್ಚರ, ನಿಲ್ದಾಣ ಬರುತ್ತದೆಂದು ಈಗ ಸೈಟು ಕೊಳ್ಳಲು ಓಡಾಡುತ್ತಿರುವವರು ಹತ್ತು ವರ್ಷದ ನಂತರ ಜಕ್ಕೂರಿನವರೇ.

ಪ್ರಯಾಣಿಕರಿಗಾಗಿ ಕಟ್ಟಿದ ನಿಲ್ದಾಣಕ್ಕೆ ತರಬೇತಿ ಹೇಗೆ ಬರುತ್ತದೆ? ದೂರ ಹೋಗಬೇಕಿಲ್ಲ. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ದೇಶದ ಐದು ನಿಲ್ದಾಣಗಳಲ್ಲಿ ಹಾರಾಟದ ಶಾಲೆಗಳಿಗೆ ಜಾಗ ಕೊಡಲು ಬಿಡ್ ಕರೆದು ತೀರ್ಮಾನಿಸಿತು. ಐದರಲ್ಲಿ ಎರಡು ನಮ್ಮವು, ಬೆಳಗಾವಿ ಮತ್ತು ಕಲಬುರಗಿ. ದಿನಕ್ಕೆ ಕೆಲವೇ ವಿಮಾನ ಬರುವ ರನ್‌ವೇ ಉಳಿದ ಹೊತ್ತು ಖಾಲಿ ಇರುತ್ತದೆ, ಅದರಿಂದ ಬಾಡಿಗೆ ಬರಲಿ ಎನ್ನುವುದು ಯಾವ ಮಾಲೀಕನಿಗೂ ಹೊಳೆಯುವ ಮಾತು. ಆಗಲೇ ಹೇಳಿದ ಕಿಟಕಿ ಇದೇ. ಶಾಲೆ ಬರುವುದು ಗುತ್ತಿಗೆ ಪತ್ರದ ಮೂಲಕ. ಗುತ್ತಿಗೆಯಲ್ಲಿ ಷರತ್ತು ಇರಬಹುದು: ಭಾನುವಾರ ಸರ್ಕ್ಯೂಟ್ ಇಲ್ಲ, ಬೆಳಗ್ಗೆ ಇಷ್ಟು ಗಂಟೆಯ ಮೊದಲು ಇಲ್ಲ, ಸುತ್ತು ಊರಿನ ಕಡೆಗಲ್ಲ, ಸಮುದ್ರದ ಕಡೆಗೆ. ಕಾನೂನು ಹಾಕದ ಮಿತಿಯನ್ನು ಕರಾರು ಹಾಕಬಲ್ಲದು. ಸಹಿ ಬೀಳುವ ಮೊದಲು ಮಾತ್ರ.

ಇಂಥ ಷರತ್ತು ಆಗದ ಮಾತು ಎಂದು ಯಾರಾದರೂ ಹೇಳಿದರೆ ಜರ್ಮನಿಯನ್ನು ತೋರಿಸಿ. ಅಲ್ಲಿ 1999ರ ಒಂದು ನಿಯಮವಿದೆ. ವರ್ಷಕ್ಕೆ 15,000 ಏರಿಳಿತ ಮುಟ್ಟಿದ ಸಣ್ಣ ನಿಲ್ದಾಣಗಳಲ್ಲಿ ಹಗುರ ವಿಮಾನಗಳ ಸರ್ಕ್ಯೂಟ್ ವಾರದ ದಿನಗಳಲ್ಲಿ ಬೆಳಗ್ಗೆ ಏಳರ ಮೊದಲು ಇಲ್ಲ, ಸೂರ್ಯ ಮುಳುಗಿದ ಮೇಲೆ ಇಲ್ಲ, ಮಧ್ಯಾಹ್ನ ಒಂದರಿಂದ ಮೂರರವರೆಗೂ ಇಲ್ಲ. ಶನಿವಾರ, ಭಾನುವಾರ ಇನ್ನೂ ಬಿಗಿ. ಕಡಿಮೆ ಸದ್ದಿನ ವಿಮಾನಕ್ಕೆ ವಿನಾಯಿತಿ ಇದೆ, ಹಾಗಾಗಿ ಶಾಲೆಗಳು ತಾವಾಗಿಯೇ ಸೈಲೆನ್ಸರ್ ಹಾಕಿಸುತ್ತವೆ, ಪ್ರೊಪೆಲರ್ ಬದಲಿಸುತ್ತವೆ. ಮಧ್ಯಾಹ್ನದ ಊಟದ ಮೇಲಿನ ನಿದ್ದೆಗೆ ಕಾನೂನಿನ ರಕ್ಷಣೆ ಕೊಟ್ಟವರು ಉತ್ತರ ಕನ್ನಡದವರಲ್ಲ, ಜರ್ಮನರು ಎಂಬುದೇ ನನಗೆ ಹೊಟ್ಟೆಕಿಚ್ಚು. ಈಗ ಬ್ಯಾಟರಿಯ ತರಬೇತಿ ವಿಮಾನವೂ ಇದೆ. ಪಿಪಿಸ್ಟ್ರೆಲ್ ಎಂಬ ಕಂಪನಿಯ ಎರಡು ಸೀಟಿನ ವಿಮಾನಕ್ಕೆ 2020ರಲ್ಲಿ ಯುರೋಪಿನ ಪ್ರಮಾಣಪತ್ರ ಸಿಕ್ಕಿತು. ಒಂದು ಗಂಟೆಗಿಂತ ಹೆಚ್ಚು ಹಾರುವುದಿಲ್ಲ, ಆದರೆ ಸರ್ಕ್ಯೂಟ್ ಸುತ್ತಲು ಅಷ್ಟು ಸಾಕು.

ಅಷ್ಟು ದೂರದ ಉದಾಹರಣೆ ಬೇಡವೆಂದರೆ ಗೋವಾ ಇದೆ. ದಾಬೋಳಿ ನಿಲ್ದಾಣ ನೌಕಾಪಡೆಯ ಹಂಸ ವಾಯುನೆಲೆಯದು. ಬಹಳ ವರ್ಷ ಅಲ್ಲಿ ವಾರದ ದಿನಗಳ ಬೆಳಗಿನ ಕೆಲವು ಗಂಟೆ ನಾಗರಿಕ ವಿಮಾನಗಳಿಗೆ ಅವಕಾಶವಿರಲಿಲ್ಲ, ನೌಕಾಪಡೆಯ ಪೈಲಟ್‌ಗಳ ತರಬೇತಿಗೆಂದು. ಗಡಿಯಾರದಲ್ಲಿ ಗೆರೆ ಎಳೆಯುವುದು ಸಾಧ್ಯವೇ ಎಂಬ ಪ್ರಶ್ನೆ ಹಾಗಾದರೆ ಮುಗಿಯಿತಲ್ಲ. ತರಬೇತಿಗಾಗಿ ಪ್ರವಾಸಿಗರ ವಿಮಾನವನ್ನೇ ನಿಲ್ಲಿಸಬಹುದಾದರೆ, ಪರೀಕ್ಷೆಯ ತಿಂಗಳಲ್ಲಿ ಶಾಲೆಯ ಮೇಲಿನ ಸುತ್ತನ್ನು ಒಂದೆರಡು ಗಂಟೆ ನಿಲ್ಲಿಸುವುದು ದೊಡ್ಡ ಮಾತಲ್ಲ.

ನೌಕಾಪಡೆಯ ಹೆಸರು ಬಂದದ್ದರಿಂದ ಅದನ್ನೂ ನೇರವಾಗಿ ಹೇಳುತ್ತೇನೆ. ಸೇನೆಯ ವಿಮಾನಗಳಿಗೆ ನಾಗರಿಕ ವಿಮಾನ ಕಾಯ್ದೆ ಅನ್ವಯಿಸುವುದಿಲ್ಲ. 1934ರ ಕಾಯ್ದೆಯಲ್ಲೇ ಅದು ಸ್ಪಷ್ಟವಿತ್ತು. ರಕ್ಷಣಾ ಯೋಜನೆಗಳಿಗೆ ಪರಿಸರ ಅನುಮತಿಯ ಸಾರ್ವಜನಿಕ ಅಹವಾಲಿನಿಂದಲೂ ವಿನಾಯಿತಿ ಇದೆ. ಕಾರವಾರದ ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿದ್ದಾಗಿನಿಂದ ಈ ಜಿಲ್ಲೆಯವರಿಗೆ ಇದರ ಅರ್ಥ ಗೊತ್ತು. ನೌಕಾಪಡೆಯ ಹಾರಾಟದ ಬಗ್ಗೆ ನೀವು ಮಾಡಬಹುದಾದದ್ದು ಮನವಿ, ಮಾತುಕತೆ. ಹಕ್ಕಿನಿಂದ ಕೇಳಬಹುದಾದದ್ದು ನಾಗರಿಕ ಭಾಗದ್ದು. ಎರಡನ್ನೂ ಒಂದೇ ಅರ್ಜಿಯಲ್ಲಿ ಕಲಸಿದರೆ ದೇಶದ ಭದ್ರತೆ ಎಂಬ ಒಂದು ಉತ್ತರದಲ್ಲಿ ಎರಡೂ ಮುಗಿದುಹೋಗುತ್ತವೆ. ಬೇರೆ ಬೇರೆ ಬರೆಯಿರಿ.

ನಾಗರಿಕ ಭಾಗಕ್ಕೆ 2006ರ ಪರಿಸರ ಪರಿಣಾಮ ಅಧಿಸೂಚನೆ ಇದೆ, ವಿಮಾನ ನಿಲ್ದಾಣ ಅದರ ಪಟ್ಟಿಯಲ್ಲಿದೆ. ಅಹವಾಲು ಸಭೆ ನಡೆಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ, ಅಧ್ಯಕ್ಷತೆ ಜಿಲ್ಲಾಧಿಕಾರಿಯದು ಅಥವಾ ಅವರ ಪ್ರತಿನಿಧಿಯದು, ಕನಿಷ್ಠ ಮೂವತ್ತು ದಿನಗಳ ಮುನ್ಸೂಚನೆ ಬೇಕು. ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಹೊಸ ನಿಲ್ದಾಣವಿರಲಿ, ಇದ್ದದ್ದರ ವಿಸ್ತರಣೆಯಿರಲಿ, ಅಂಥ ಸಭೆ ಕರೆದಾಗ ಹೋಗಿ. ಹೋಗುವವರು ಶಬ್ದವಾಗುತ್ತದೆ ಎಂದಷ್ಟೇ ಹೇಳಿ ಕೂತುಬಿಟ್ಟರೆ, ಮಿತಿಯೊಳಗೆ ಇರುತ್ತದೆ ಎಂಬ ಉತ್ತರ ಬರುತ್ತದೆ, ಮತ್ತು ನಾವು ಆಗಲೇ ನೋಡಿದಂತೆ ಆ ಉತ್ತರ ನಿಜವೇ. ಸರಾಸರಿ ಬೇಡ, ಎಣಿಕೆ ಕೊಡಿ ಎನ್ನಿ. ಸಿಡ್ನಿಯಲ್ಲಿ 1994ರಲ್ಲಿ ಮೂರನೇ ರನ್‌ವೇ ತೆರೆದ ಮೇಲೆ ಜನ ರೊಚ್ಚಿಗೆದ್ದರು, ಸರಾಸರಿಯ ನಕ್ಷೆಗಳಿಂದ ಅವರನ್ನು ಒಪ್ಪಿಸಲಾಗಲಿಲ್ಲ. ಅದರಿಂದಾಗಿ ಆಸ್ಟ್ರೇಲಿಯದವರು ದಿನಕ್ಕೆ ಎಷ್ಟು ಹಾರಾಟ 70 ಡೆಸಿಬೆಲ್ ದಾಟುತ್ತವೆ ಎಂದು ಊರೂರಿಗೂ ಎಣಿಸಿ ತೋರಿಸುವ ಕ್ರಮ ತಂದರು. ಅದೇ ಎಣಿಕೆಯನ್ನು ಕೇಳಿ; 60ಕ್ಕೂ ಕೇಳಿ. ತರಬೇತಿಯ ಹಾರಾಟವನ್ನು ಸೇರಿಸಿ ಎಣಿಸಿದ್ದೀರಾ ಎಂದು ಕೇಳಿ. ಸೇರಿಸಿಲ್ಲ ಎಂದರೆ, ಮುಂದೆ ತರಬೇತಿ ತರುವುದಾದರೆ ಹೊಸದಾಗಿ ಅಹವಾಲು ಕೇಳುತ್ತೇವೆ ಎಂದು ಬರೆದುಕೊಡಿ ಎನ್ನಿ. ಸುತ್ತು ಯಾವ ಬದಿಗೆ, ಗುಡ್ಡದ ಮನೆಗಳಿಂದ ಎಷ್ಟು ಮೇಲೆ ಎಂದು ಕೇಳಿ. ಈಗಿನ ಶಬ್ದದ ಮಟ್ಟವನ್ನು ಎಲ್ಲೆಲ್ಲಿ, ಯಾವ ಹೊತ್ತಿನಲ್ಲಿ ಅಳೆದಿದ್ದೀರಿ ಎಂದು ಕೇಳಿ. ಹೆದ್ದಾರಿಯ ಬದಿಯಲ್ಲಿ ಹಗಲು ಹನ್ನೊಂದಕ್ಕೆ ಅಳೆದಿದ್ದರೆ ಅದು ಗದ್ದೆಯ ಬಯಲಿನ ಅಳತೆಯಲ್ಲ. ಮೊಬೈಲ್‌ನ ಆ್ಯಪ್‌ನಲ್ಲಿ ಅಳೆದದ್ದು ಸಾಕ್ಷ್ಯವಾಗಿ ನಿಲ್ಲುವುದಿಲ್ಲ, ಆದರೆ ಅವರ ಅಂಕಿಗೂ ನಿಮ್ಮ ಅಂಕಿಗೂ ಇಪ್ಪತ್ತು ಡೆಸಿಬೆಲ್ ಅಂತರ ಕಂಡರೆ ಮರು ಅಳತೆ ಕೇಳಲು ಅದು ಸಾಕು.

ಇದೆಲ್ಲವನ್ನೂ ಬರಹದಲ್ಲಿ ಕೊಡಿ. ಮಂಡಳಿಯ ಪ್ರಾದೇಶಿಕ ಕಚೇರಿ ಕಾರವಾರದಲ್ಲೇ ಇದೆ. ಸಭೆಗೆ ಬರಲಾಗದವರು ಅಲ್ಲಿಗೆ ಮೊದಲೇ ಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಬಹುದು. ಸಭೆಯ ಕೊನೆಯಲ್ಲಿ ಅಲ್ಲಿ ಬಂದ ಮಾತುಗಳ ಸಾರಾಂಶವನ್ನು ಕನ್ನಡದಲ್ಲಿ ಓದಿ ವಿವರಿಸಿ, ಒಪ್ಪಿಗೆಯಾದ ಮೇಲೆ ಜಿಲ್ಲಾಧಿಕಾರಿಯ ಸಹಿ ಬೀಳಬೇಕು ಎಂಬುದು ನಿಯಮ. ಆ ಹೊತ್ತಿಗೆ ಮಧ್ಯಾಹ್ನ ಎರಡು ಗಂಟೆ ದಾಟಿರುತ್ತದೆ, ಹೊರಗೆ ಊಟ ಬಡಿಸಿರುತ್ತಾರೆ, ಒಳಗೆ ಕುರ್ಚಿಗಳು ಖಾಲಿಯಾಗಿರುತ್ತವೆ. ನಾಲ್ಕು ಜನರಾದರೂ ಕೂತು ಕೇಳಿ. ನೀವು ಹೇಳಿದ ಎಣಿಕೆಯ ಮಾತು ಅದರಲ್ಲಿ ಇಲ್ಲದಿದ್ದರೆ ಅಲ್ಲೇ ಎದ್ದು ನಿಂತು ಸೇರಿಸಿ ಎನ್ನಿ.